ಬೋರ್ಡು ಎನ್‌ಎಚ್‌ಎಸ್‌ದು, ಗುತ್ತಿಗೆ ಯಾರದು? ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ

ಎನ್‌ಎಚ್‌ಎಸ್, ಅಂದರೆ ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆ, ಬಳಸುವುದಕ್ಕೆಂದು ವೀಸಾ ಅರ್ಜಿ ಹಾಕುವಾಗಲೇ ಹೆಲ್ತ್ ಸರ್‌ಚಾರ್ಜ್ ಕಟ್ಟಿಸಿಕೊಳ್ಳುತ್ತಾರೆ. 2024ರ ಫೆಬ್ರುವರಿಯಿಂದ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡು. ಗಂಡ ಹೆಂಡತಿ ಇಬ್ಬರೂ ಮೂರು ವರ್ಷಕ್ಕೆಂದು ಬಂದರೆ 6,210 ಪೌಂಡು, ಅದೂ ವಿಮಾನ ಹತ್ತುವ ಮೊದಲೇ. (ಹೆಲ್ತ್ ಅಂಡ್ ಕೇರ್ ವೀಸಾದವರಿಗೆ ಇದರಿಂದ ವಿನಾಯಿತಿ.) ಇಷ್ಟು ಕಟ್ಟಿ ಬಂದವರು ಮೊದಲ ಸಲ ಹಲ್ಲುನೋವು ಬಂದಾಗ ಕೇಳುವುದು ಒಂದೇ ಮಾತು: ‘ಎಲ್ಲಾ ಫ್ರೀ ಅಂದಿದ್ರಲ್ಲ?’ ನಾನೂ ಕೇಳಿದ್ದೆ.

ಇಲ್ಲಿ ದುಡ್ಡು ಸರ್ಕಾರದ್ದು, ನಿಜ. ಆದರೆ ಆ ದುಡ್ಡಿಗೆ ಕೆಲಸ ಮಾಡಿಕೊಡುವವರು ಎಷ್ಟೋ ಕಡೆ ಗುತ್ತಿಗೆದಾರರು. ಊರಲ್ಲಿ ಹೊರಗುತ್ತಿಗೆ ಎನ್ನುತ್ತೀವಲ್ಲ, ಅದರ ಹಿರಿಯಣ್ಣ. ಎದುರಿಗಿರುವವರ ಗುತ್ತಿಗೆಯಲ್ಲಿ ಏನು ಬರೆದಿದೆ ಎಂದು ಗೊತ್ತಾದರೆ, ಅವರು ಯಾಕೆ ಹಾಗೆ ನಡೆದುಕೊಳ್ಳುತ್ತಾರೆ ಎನ್ನುವುದೂ ಗೊತ್ತಾಗುತ್ತದೆ. ನಾನು ಹೇಳುತ್ತಿರುವುದು ಇಂಗ್ಲೆಂಡಿನ ಮಾತು ಮಾತ್ರ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಔಷಧಿ ಚೀಟಿಗೆ ಕಾಸಿಲ್ಲ. ಇಲ್ಲಿ ಒಂದೊಂದು ಔಷಧಿಗೂ 9.90 ಪೌಂಡು.

ಎನ್‌ಎಚ್‌ಎಸ್ ಶುರುವಾದದ್ದು 1948ರ ಜುಲೈ 5ಕ್ಕೆ. ಮೂರೇ ವರ್ಷದಲ್ಲಿ ಕಟ್ಟುಹಲ್ಲಿಗೂ ಕನ್ನಡಕಕ್ಕೂ ಶುಲ್ಕ ಬಂತು. ಆದರೆ ಇವತ್ತಿನ ಚಹರೆ ಬಂದದ್ದು ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಕಾಲದಲ್ಲಿ. ಆಸ್ಪತ್ರೆಗಳನ್ನು ಹೇಗೆ ನಡೆಸಬೇಕು ಎಂದು 1983ರಲ್ಲಿ ವರದಿ ಬರೆಸಿದ್ದು ಯಾರ ಕೈಯಲ್ಲಿ ಗೊತ್ತೇ? ಸೇನ್ಸ್‌ಬರೀಸ್ ಸೂಪರ್ ಮಾರ್ಕೆಟ್ಟಿನ ರಾಯ್ ಗ್ರಿಫಿತ್ಸ್ ಅವರ ಕೈಯಲ್ಲಿ. ಆಸ್ಪತ್ರೆಗಳಿಗೆ ಮ್ಯಾನೇಜರುಗಳು ಬಂದರು. 1990ರ ಕಾಯಿದೆ ಸರ್ಕಾರದ ದುಡ್ಡಲ್ಲಿ ಸೇವೆ ಕೊಳ್ಳುವವರನ್ನೂ ಆ ಸೇವೆ ಕೊಡುವ ಆಸ್ಪತ್ರೆಗಳನ್ನೂ ಬೇರೆ ಮಾಡಿತು. ಆಮೇಲೆ ಬಂದ ಪಕ್ಷಗಳು ಹೆಸರು ಬದಲಾಯಿಸಿದವು, ಲೆಕ್ಕದ ಪುಸ್ತಕ ಮಾತ್ರ ಹಾಗೇ ಉಳಿಯಿತು.

ಜಿಪಿ, ಅಂದರೆ ಏರಿಯಾದ ಫ್ಯಾಮಿಲಿ ಡಾಕ್ಟರಿಂದ ಶುರು ಮಾಡಿ. ಜಿಪಿಗಳು 1948ರಿಂದಲೂ ಸರ್ಕಾರಿ ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು. ಪಟ್ಟಿಯಲ್ಲಿರುವ ತಲೆಗಳ ಲೆಕ್ಕದಲ್ಲಿ ಅವರಿಗೆ ದುಡ್ಡು. ನೀವು ಹೋದರೂ ಅಷ್ಟೇ, ಹೋಗದಿದ್ದರೂ ಅಷ್ಟೇ. ಆದ್ದರಿಂದ ಆರೋಗ್ಯವಾಗಿರುವಾಗಲೇ ಹೆಸರು ಬರೆಸಿ. ಪಾಸ್‌ಪೋರ್ಟು, ಬಾಡಿಗೆ ಕರಾರು ತನ್ನಿ ಎಂದು ರಿಸೆಪ್ಷನ್‌ನಲ್ಲಿ ಕೇಳಬಹುದು. ಅವು ಇಲ್ಲ ಎನ್ನುವ ಒಂದೇ ಕಾರಣಕ್ಕೆ ನೋಂದಣಿ ನಿರಾಕರಿಸುವ ಹಾಗಿಲ್ಲ.

ಇನ್ನು ಹಲ್ಲು. ನಾನು ಬಂದ ಮೊದಲ ಚಳಿಗಾಲದಲ್ಲಿ ದವಡೆ ಊದಿಕೊಂಡು ಒಂಬತ್ತು ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಒಂಬತ್ತರ ಬೋರ್ಡಿನಲ್ಲೂ ಎನ್‌ಎಚ್‌ಎಸ್ ಇತ್ತು, ಒಂಬತ್ತರಲ್ಲೂ ಜಾಗ ಇರಲಿಲ್ಲ. ‘ಪ್ರೈವೇಟ್ ಆದರೆ ನಾಳೆ ಬೆಳಿಗ್ಗೆ ಬನ್ನಿ’ ಅಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಅಂದು ಗೊಣಗಿದೆ. ಪೂಜಾರಿಯ ಲೆಕ್ಕ ಆಮೇಲೆ ಗೊತ್ತಾಯಿತು.

2006ರಿಂದ ದಂತವೈದ್ಯರಿಗೆ ಯುಡಿಎ ಎಂಬ ಅಂಕಗಳ ಮೇಲೆ ಹಣ. ತಪಾಸಣೆಗೆ 1 ಅಂಕ, ಹುಳುಕು ತುಂಬುವುದಕ್ಕೆ 3, ಕ್ಯಾಪು, ಕಟ್ಟುಹಲ್ಲಿಗೆ 12. ಮೊದಲು ಒಂದು ಹಲ್ಲು ತುಂಬಿದರೂ 3, ಆರು ತುಂಬಿದರೂ 3! ಬಾಯಿ ತುಂಬ ಹುಳುಕಿಟ್ಟುಕೊಂಡು ಬಂದ ಹೊಸ ಪೇಷೆಂಟ್ ಎಂದರೆ ಡಾಕ್ಟರಿಗೆ ಕೈಯಿಂದ ಖರ್ಚು. 2022ರ ನವೆಂಬರಿನಲ್ಲಿ ಸ್ವಲ್ಪ ತಿದ್ದಿ, ಮೂರು ಅಥವಾ ಹೆಚ್ಚು ಹಲ್ಲು ತುಂಬಿದರೆ 5 ಅಂಕ ಎಂದು ಮಾಡಿದರು. ಅಷ್ಟರಲ್ಲಿ ಬಹಳ ಜನ ಎನ್‌ಎಚ್‌ಎಸ್ ಕೆಲಸ ಕಡಿಮೆ ಮಾಡಿ ಪ್ರೈವೇಟ್ ಕಡೆ ವಾಲಿದ್ದರು. 2024ರ ಫೆಬ್ರುವರಿಯಲ್ಲಿ ಬ್ರಿಸ್ಟಲ್‌ನ ಸೇಂಟ್ ಪಾಲ್ಸ್‌ನಲ್ಲಿ ಒಂದು ಎನ್‌ಎಚ್‌ಎಸ್ ದಂತ ಕ್ಲಿನಿಕ್ ತೆರೆದಾಗ ಜನ ಬೀದಿಯುದ್ದಕ್ಕೂ ಸಾಲು ನಿಂತು, ಪೊಲೀಸರು ಬರಬೇಕಾಯಿತು. ನಮ್ಮಲ್ಲಿ ರೇಷನ್ ಅಂಗಡಿ ಮುಂದೆ ನಿಂತು ರೂಢಿ. ಅವರಿಗೆ ಅದು ಸುದ್ದಿ.

ನೀವು ಮಾಡಬೇಕಾದ್ದು: ‘ಎನ್‌ಎಚ್‌ಎಸ್ ಇದೆಯಾ’ ಎಂದು ಕೇಳಬೇಡಿ, ‘ಈಗ ಹೊಸ ಎನ್‌ಎಚ್‌ಎಸ್ ವಯಸ್ಕರನ್ನು ತೆಗೆದುಕೊಳ್ಳುತ್ತೀರಾ’ ಎಂದು ಕೇಳಿ. ಜಿಪಿಯ ಹಾಗೆ ಇಲ್ಲಿ ಕಾಯಂ ನೋಂದಣಿ ಎಂಬುದಿಲ್ಲ, ಹಾಗಾಗಿ ನಿಮ್ಮ ಏರಿಯಾ ದಾಟಿಯೂ ಹುಡುಕಬಹುದು. ತಡೆಯಲಾರದ ನೋವಿದ್ದರೆ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಫೋನ್ ಮಾಡಿ. 2025ರ ಏಪ್ರಿಲ್‌ನಲ್ಲಿ ಇದ್ದ ದರ ಮೂರೇ: ತಪಾಸಣೆಗೆ 27.40, ಹುಳುಕು ತುಂಬುವುದಕ್ಕೆ 75.30, ಕ್ಯಾಪು, ಕಟ್ಟುಹಲ್ಲಿಗೆ 326.70 ಪೌಂಡು. ಒಂದು ಸುತ್ತಿನ ಚಿಕಿತ್ಸೆಗೆ ಒಂದೇ ಸಲ ಕಟ್ಟುವುದು, ಹಲ್ಲಿಗೊಂದು ಬಿಲ್ ಅಲ್ಲ. ಒಂದೇ ಕುರ್ಚಿಯಲ್ಲಿ ಕೂರಿಸಿ ಅರ್ಧ ಎನ್‌ಎಚ್‌ಎಸ್, ಅರ್ಧ ಪ್ರೈವೇಟ್ ಮಾಡುವುದುಂಟು. ಯಾವುದು ಯಾವ ಲೆಕ್ಕದಲ್ಲಿ ಎಂದು ಮೊದಲೇ ಬರೆಸಿಕೊಳ್ಳಿ. ಗರ್ಭಿಣಿಯರಿಗೆ, ಹೆರಿಗೆಯಾಗಿ ವರ್ಷ ತುಂಬದವರಿಗೆ, 18ರೊಳಗಿನ ಮಕ್ಕಳಿಗೆ ಉಚಿತ. ನಮ್ಮ ಬಾಣಂತಿಯರು ಇದನ್ನು ಬಿಟ್ಟುಬಿಡುವುದನ್ನು ನೋಡಿ ಹೊಟ್ಟೆ ಉರಿಯುತ್ತದೆ.

ಖಾಸಗಿಯವರು ಬಂದದ್ದರಿಂದ ಲಾಭವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಜಿಪಿ ತಜ್ಞರ ಬಳಿ ಕಳಿಸುವಾಗ ಯಾವ ಆಸ್ಪತ್ರೆ ಎಂದು ಆರಿಸುವ ಹಕ್ಕು ನಿಮ್ಮದು. ಎನ್‌ಎಚ್‌ಎಸ್ ಗುತ್ತಿಗೆಯಿರುವ ಪ್ರೈವೇಟ್ ಆಸ್ಪತ್ರೆಯೂ ಆಗಬಹುದು, ಬಿಲ್ಲು ಸರ್ಕಾರದ್ದು. ಕಣ್ಣಿನ ಪೊರೆ, ಮಂಡಿಚಿಪ್ಪಿನ ಕೆಲಸ ಅಲ್ಲಿ ಎಷ್ಟೋ ಸಲ ಬೇಗ ಆಗುತ್ತದೆ. ಕೇಳದಿದ್ದರೆ ಯಾರೂ ಹೇಳುವುದಿಲ್ಲ, ಬಾಯಿಬಿಟ್ಟು ಕೇಳಿ. ಆದರೆ ಅಂಥ ಎಷ್ಟೋ ಕಡೆ ಐಸಿಯು ಇರುವುದಿಲ್ಲ. ಸಕ್ಕರೆ ಕಾಯಿಲೆ ಕೈಮೀರಿದವರನ್ನು, ಹೃದಯದ ತೊಂದರೆಯವರನ್ನು ಒಲ್ಲೆ ಎಂದು ಸರ್ಕಾರಿ ಆಸ್ಪತ್ರೆಗೇ ವಾಪಸ್ ಕಳಿಸುತ್ತಾರೆ. ಸುಲಭದ ಕೇಸು ಆ ಕಡೆ, ಕಷ್ಟದ್ದೆಲ್ಲ ಈ ಕಡೆ. ಆಮೇಲೆ ‘ಸರ್ಕಾರಿಯವರು ನಿಧಾನ’ ಎನ್ನುವ ಹೆಸರೂ ಈ ಕಡೆಗೇ.

ಎಲ್ಲಕ್ಕಿಂತ ಪೂರ್ತಿ ಮಾರುಕಟ್ಟೆಗೆ ಹೋದದ್ದು ವಯಸ್ಸಾದವರ ಆರೈಕೆ. ಇದು ಎನ್‌ಎಚ್‌ಎಸ್ ಅಲ್ಲ, ಕೌನ್ಸಿಲ್ (ಊರಿನ ಸ್ಥಳೀಯ ಆಡಳಿತ) ಜವಾಬ್ದಾರಿ, ಉಚಿತವೂ ಅಲ್ಲ. 23,250 ಪೌಂಡಿಗಿಂತ ಹೆಚ್ಚು ಆಸ್ತಿ ಇದ್ದರೆ ಕೇರ್ ಹೋಮ್ (ವೃದ್ಧರನ್ನು ಇಟ್ಟುಕೊಂಡು ನೋಡಿಕೊಳ್ಳುವ ಮನೆ) ಖರ್ಚು ಪೂರ್ತಿ ನಿಮ್ಮದೇ; ಒಂಟಿಯಾಗಿದ್ದವರು ಸೇರಿಕೊಂಡರೆ ಮನೆಯ ಬೆಲೆಯೂ ಆ ಲೆಕ್ಕಕ್ಕೆ ಬರುತ್ತದೆ. ಈ ಮಿತಿ 2010ರಿಂದ ಅಲುಗಿಲ್ಲ. ಒಂದೇ ಹೋಮಿನಲ್ಲಿ ಸ್ವಂತ ದುಡ್ಡು ಕಟ್ಟುವವರು ಕೌನ್ಸಿಲ್‌ಗಿಂತ ಸರಾಸರಿ ಶೇ. 41ರಷ್ಟು ಹೆಚ್ಚು ಕೊಡುತ್ತಾರೆ ಎಂದು ದೇಶದ ಸ್ಪರ್ಧಾ ಪ್ರಾಧಿಕಾರವೇ 2017ರಲ್ಲಿ ಕಂಡುಕೊಂಡಿತು.

ಕೇರ್ ಹೋಮು ನಡೆಸುತ್ತಿದ್ದ ಸದರ್ನ್ ಕ್ರಾಸ್ ಕಂಪನಿಯ ಕತೆ ಇಲ್ಲಿ ಎಲ್ಲರಿಗೂ ನೆನಪಿದೆ. ಸುಮಾರು 750 ಹೋಮು, 31,000 ವೃದ್ಧರು. ಬ್ಲಾಕ್‌ಸ್ಟೋನ್ ಎಂಬ ಹೂಡಿಕೆ ಕಂಪನಿ ಅದನ್ನು 2004ರಲ್ಲಿ ಕೊಂಡುಕೊಂಡಿತು, 2006ರಲ್ಲಿ ಷೇರುಪೇಟೆಗೆ ಬಿಟ್ಟಿತು. ನಡುವೆ ಕಟ್ಟಡಗಳನ್ನು ಮಾರಿ ಅವನ್ನೇ ಬಾಡಿಗೆಗೆ ಪಡೆಯುವ ದಾರಿ ಹಿಡಿದಿದ್ದರು. ಬಾಡಿಗೆ ವರ್ಷವರ್ಷ ಏರಿತು, ಕೌನ್ಸಿಲ್‌ಗಳು ಕೈ ಬಿಗಿಮಾಡಿದವು, 2011ರಲ್ಲಿ ಕಂಪನಿ ಮುಳುಗಿತು. ಹೋಮುಗಳನ್ನು ಬೇರೆಯವರಿಗೆ ಹಂಚಬೇಕಾಯಿತು. ಆಮೇಲೆಯೇ 2014ರ ಕೇರ್ ಆಕ್ಟ್‌ನಲ್ಲಿ, ಹೋಮು ನಡೆಸುವವರು ದಿವಾಳಿಯಾದರೂ ಆರೈಕೆ ನಿಲ್ಲದಂತೆ ಕೌನ್ಸಿಲ್ ನೋಡಿಕೊಳ್ಳಬೇಕೆಂದು ಬರೆದದ್ದು.

ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ವೀಸಾ 2012ರಿಂದ ಸಿಗುವುದೇ ದುರ್ಲಭವಾದ್ದರಿಂದ, ನಮ್ಮಲ್ಲಿ ಬಹಳ ಜನ ಈ ಜಗತ್ತನ್ನು ನೋಡುವುದು ಕೆಲಸದವರಾಗಿ. 2022ರ ಫೆಬ್ರುವರಿಯಲ್ಲಿ ಕೇರ್ ವರ್ಕರ್‌ಗಳಿಗೆ ವೀಸಾ ತೆರೆದರು; 2024ರ ಮಾರ್ಚಿನಲ್ಲಿ ಸಂಸಾರ ಕರೆತರುವಂತಿಲ್ಲ ಎಂದರು; 2025ರ ಜುಲೈ 22ಕ್ಕೆ ಹೊರದೇಶದಿಂದ ಹೊಸಬರಿಗೆ ಬಾಗಿಲು ಮುಚ್ಚಿತು. ಊರಲ್ಲಿ ಯಾರಾದರೂ ಏಜೆಂಟ್ ಈಗಲೂ ಆ ವೀಸಾ ಕೊಡಿಸುತ್ತೇನೆ ಎಂದರೆ ನಂಬಬೇಡಿ. ಕೆಲಸ ಹುಡುಕಿಕೊಟ್ಟದ್ದಕ್ಕೆ ಕೆಲಸಗಾರನಿಂದ ಹಣ ಕೀಳುವುದು ಇಲ್ಲಿಯ ಕಾನೂನಿಗೆ ವಿರುದ್ಧ.

ಈಗಾಗಲೇ ಆ ಕೆಲಸದಲ್ಲಿರುವವರಿಗೆ ಒಂದು ಮಾತು. ಮನೆಮನೆಗೆ ಹೋಗಿ ಆರೈಕೆ ಮಾಡುವಲ್ಲಿ ಕೌನ್ಸಿಲ್ ಕೊಳ್ಳುವುದು ನಿಮಿಷಗಳನ್ನು. ಅಜ್ಜಿಗೆ ಸ್ನಾನ ಮಾಡಿಸಿ, ತಿಂಡಿ ಕೊಟ್ಟು, ಮಾತ್ರೆ ನುಂಗಿಸಲು ಅರ್ಧ ಗಂಟೆ; ಮುಂದಿನ ಮನೆಗೆ ಬಸ್ಸಿನಲ್ಲಿ ಹೋಗುವ ಇಪ್ಪತ್ತು ನಿಮಿಷ ಯಾರ ಲೆಕ್ಕದಲ್ಲೂ ಇಲ್ಲ ಎನ್ನುವ ಹಾಗೆ ನಡೆಸುತ್ತಾರೆ. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುವ ಸಮಯವೂ ಕನಿಷ್ಠ ಕೂಲಿಯ ಲೆಕ್ಕಕ್ಕೆ ಸೇರಲೇಬೇಕು. ದಿನವೂ ಒಂದು ಪುಸ್ತಕದಲ್ಲಿ ಹೊರಟದ್ದೆಷ್ಟು ಹೊತ್ತಿಗೆ, ತಲುಪಿದ್ದೆಷ್ಟು ಹೊತ್ತಿಗೆ ಎಂದು ಬರೆದಿಡಿ.

ದೂರು ಕೊಡುವಾಗಲೂ ಗುತ್ತಿಗೆ ಯಾರದೆಂದು ನೋಡಿ. ಜಿಪಿ, ಹಲ್ಲಿನ ಡಾಕ್ಟರ ಮೇಲಾದರೆ ಅವರಿಗೇ ಬರೆಯಬಹುದು, ಇಲ್ಲವೇ ದುಡ್ಡು ಕೊಡುವ ಇಂಟಿಗ್ರೇಟೆಡ್ ಕೇರ್ ಬೋರ್ಡಿಗೆ; ಅಲ್ಲೂ ಆಗದಿದ್ದರೆ ಆರೋಗ್ಯದ ಒಂಬುಡ್ಸ್‌ಮನ್, ಅಂದರೆ ದೂರು ವಿಚಾರಿಸುವ ಸ್ವತಂತ್ರ ಅಧಿಕಾರಿ. ಕೇರ್ ಹೋಮಿನ ವಿಷಯಕ್ಕೆ ಒಂಬುಡ್ಸ್‌ಮನ್ ಬೇರೆ, ಲೋಕಲ್ ಗವರ್ನಮೆಂಟಿನವರು. ಕ್ಲಿನಿಕ್ಕು, ಕೇರ್ ಹೋಮುಗಳ ತಪಾಸಣೆ ಮಾಡುವ ಸಿಕ್ಯುಸಿ ಎಂಬ ಸಂಸ್ಥೆಗೆ ಬರೆದರೆ ಅವರು ಗಮನಿಸುತ್ತಾರೆ, ನಿಮ್ಮೊಬ್ಬರ ದೂರು ಬಗೆಹರಿಸುವುದಿಲ್ಲ. ಇದು ಗೊತ್ತಿಲ್ಲದೆ ನಾನು ನಾಲ್ಕು ತಿಂಗಳು ಅವರ ಉತ್ತರಕ್ಕೆ ಕಾದಿದ್ದೆ.