ಹುಲ್ಲೋ, ಪ್ಲಾಸ್ಟಿಕ್ಕೋ? ಎರಡನ್ನೂ ಹೊದೆಸಿದ ನನ್ನ ಅನುಭವ

ಏಳು ವರ್ಷದ ಹಿಂದೆ ಒಂದು ಓದುವ ಕೋಣೆ ಕಟ್ಟಲು ಹೊರಟೆ. ಮುಂದೆ ಒಂದು ತೆರೆದ ಜಗಲಿ. ಚಾವಣಿಗೆ ಹುಲ್ಲೇ ಬೇಕು ಅಂತ ಮೊದಲೇ ಮನಸ್ಸು ಮಾಡಿದ್ದೆ. ಕೇಳಿದವರೆಲ್ಲ ಬೇಡ ಅಂದರು. "ಪ್ಲಾಸ್ಟಿಕ್ ಹುಲ್ಲು ಹಾಕಿಸು, ಒಂದ್ಸಲ ಹಾಕಿದ್ರೆ ಮುಗೀತು" ಅನ್ನೋದೇ ಎಲ್ಲರ ಮಾತು. ಹುಲ್ಲಿನ ಹಾಗೇ ಕಾಣುವ ಪ್ಲಾಸ್ಟಿಕ್ ಎಲೆಗಳ ಹೊದಿಕೆ ಅದು. ಕೊನೆಗೆ ಕೋಣೆಗೆ ಜೊಂಡು ಹುಲ್ಲು, ಜಗಲಿಗೆ ಪ್ಲಾಸ್ಟಿಕ್ ಹೊದೆಸಿದೆ. ಯಾಕೆ ಹಾಗೆ ಮಾಡಿದೆ ಅಂತ ಹೇಳುತ್ತೇನೆ.

ಹುಲ್ಲು ಹೊದೆಸುವ ಹಿರಿಯರೊಬ್ಬರನ್ನು ಕರೆಸಿದ್ದೆ. ಅವರು ಬಂದು ಹುಲ್ಲಿನ ಮಾತೇ ಎತ್ತಲಿಲ್ಲ. ಚಾವಣಿ ಹೊರಲು ಇಳಿಜಾರಾಗಿ ನಿಲ್ಲಿಸಿದ್ದ ಪಕಾಸಿಗಳನ್ನು ಸ್ವಲ್ಪ ಹೊತ್ತು ನೋಡಿ, "ಇಳಿಜಾರು ಸಾಲದು. ಹುಲ್ಲು ನೀರನ್ನ ತಡೆಯಲ್ಲ, ಜಾರಿಸುತ್ತೆ ಅಷ್ಟೇ" ಅಂದರು. ನಾನು ಕಟ್ಟಿಸಿದ್ದು 30 ಡಿಗ್ರಿ. ಜೊಂಡಿಗೆ ಕಡಿಮೆ ಅಂದರೂ 45 ಬೇಕು, 50 ಇದ್ದರೆ ಇನ್ನೂ ಒಳ್ಳೆಯದು. ಜೊಂಡಿನ ಸಿವುಡುಗಳನ್ನು, ಅಂದರೆ ಕಂತೆಗಳನ್ನು, ಒಂದರ ಮೇಲೊಂದು ಕಟ್ಟುತ್ತಾ ಹೋದಾಗ ಒಂದೊಂದು ಕಡ್ಡಿಯೂ ಪಕಾಸಿಗಿಂತ ಕಡಿಮೆ ಇಳಿಜಾರಿನಲ್ಲಿ ಮಲಗುತ್ತದೆ. ಹಾಗಾಗಿ ಪಕಾಸಿಯೇ ಮಲಗಿದ್ದರೆ ನೀರು ಇಳಿಯುವ ಬದಲು ಒಳಗೆ ಇಂಗುತ್ತದೆ, ಹುಲ್ಲು ಒಣಗುವುದಿಲ್ಲ, ಕೊಳೆಯುತ್ತದೆ. ಬೇಜಾರಾಯಿತು, ಆದರೆ ಎಲ್ಲ ಬಿಚ್ಚಿಸಿ 48 ಡಿಗ್ರಿಗೆ ಮತ್ತೆ ಕಟ್ಟಿಸಿದೆ.

ಜಗಲಿಗೆ ಇದು ಆಗುವ ಹಾಗಿರಲಿಲ್ಲ. ಅದೇ ಇಳಿಜಾರನ್ನು ಮುಂದಕ್ಕೆ ಎಳೆದರೆ ಸೂರು ತಲೆಗೆ ತಾಗುತ್ತಿತ್ತು. ಅಲ್ಲಿ ಪ್ಲಾಸ್ಟಿಕ್ಕೇ ಸರಿ ಅನ್ನಿಸಿತು. ಒಂದು ವಿಷಯ ಮಾತ್ರ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಪ್ಲಾಸ್ಟಿಕ್ ಹುಲ್ಲು ಎಷ್ಟೋ ಸಲ ಬರೀ ಮೇಲಿನ ಅಲಂಕಾರ. ಮಳೆ ತಡೆಯುವುದು ಅದರ ಕೆಳಗಿನ ಪ್ಲೈವುಡ್ ಮತ್ತು ನೀರು ಬಿಡದ ಹಾಳೆ. ಆ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ಕೊಳ್ಳುವ ಮೊದಲು ಮೂರು ಕಡೆಯಿಂದ ಸ್ಯಾಂಪಲ್ ತರಿಸಿದೆ. ಹಲಗೆಗೆ ಮೊಳೆ ಹೊಡೆದು ಒಂದು ಬೇಸಿಗೆ ಪೂರ್ತಿ ಬಿಸಿಲಲ್ಲಿ ಬಿಟ್ಟೆ. ಆಮೇಲೆ ಎಲೆಗಳನ್ನು ಬೆರಳಲ್ಲಿ ಮಡಚಿ ನೋಡಿದೆ. ಎರಡು ಬಗ್ಗಿದವು. ಮೂರನೆಯದು ಒಣ ಹಪ್ಪಳದ ಹಾಗೆ ಚಟ್ ಅಂತ ಮುರಿಯಿತು. ಬಿಸಿಲಿನ ನೇರಳಾತೀತ ಕಿರಣ ತಡೆಯುವ ಅಂಶವನ್ನು ಪ್ಲಾಸ್ಟಿಕ್ ಒಳಗೇ ಬೆರೆಸಿರಬೇಕು. ಸುಮ್ನೆ ಮೇಲೆ ಬಳಿದಿದ್ದರೆ ಅದು ಹೆಚ್ಚು ದಿನ ನಿಲ್ಲುವುದಿಲ್ಲ.

ಉಳಿದ ಎರಡನ್ನು ಬಯಲಲ್ಲಿ ಇಕ್ಕಳದಿಂದ ಹಿಡಿದು ಬೆಂಕಿಗೆ ಒಡ್ಡಿದೆ. ಒಂದು, ಬೆಂಕಿ ತೆಗೆದ ಕೂಡಲೇ ಆರಿತು. ಇನ್ನೊಂದು ಉರಿಯುತ್ತಲೇ ಇತ್ತು, ಕರಗಿ ತೊಟ್ಟು ತೊಟ್ಟಾಗಿ ಬಿತ್ತು. ಆ ತೊಟ್ಟುಗಳೂ ನೆಲದ ಮೇಲೆ ಉರಿದವು. ನೋಡಿ ನಿಜವಾಗಿಯೂ ಹೆದರಿಕೆಯಾಯಿತು. ಪ್ಲಾಸ್ಟಿಕ್ ಅಂದರೆ ಬೆಂಕಿ ಹತ್ತಲ್ಲ ಅಂತ ಮಾರುವವರು ಹೇಳಿದರೆ ನಂಬಬೇಡಿ, ಪರೀಕ್ಷೆಯ ವರದಿ ಕೇಳಿ. ಮನೆಯಲ್ಲಿ ಮಾಡಿದ ನನ್ನ ಪರೀಕ್ಷೆ ಅದಕ್ಕೆ ಸಮ ಅಲ್ಲ.

ಹುಲ್ಲಿಗೆ ಬೆಂಕಿಯ ಭಯ ಇದ್ದೇ ಇದೆ. ಕೆಳಗೆ ಬೆಂಕಿ ತಡೆಯುವ ಬೋರ್ಡ್ ಹಾಕಿಸಿದೆ, ವೈರನ್ನೆಲ್ಲ ಪೈಪಿನೊಳಗೆ ಎಳೆಸಿ ಹುಲ್ಲಿನಿಂದ ದೂರ ಇಟ್ಟೆ. ಒಲೆ, ಹೊಗೆಗೂಡು ಏನೂ ಇಟ್ಟಿಲ್ಲ. ಹುಲ್ಲಿಗೆ ಸಿಂಪಡಿಸುವ ಬೆಂಕಿ ನಿರೋಧಕ ಮಳೆಗೆ ಕ್ರಮೇಣ ತೊಳೆದುಹೋಗುತ್ತದೆ. ಅದೊಂದನ್ನೇ ನೆಚ್ಚಿಕೊಳ್ಳುವ ಹಾಗಿಲ್ಲ.

ಈಗ ಎರಡೂ ಒಂದರ ಪಕ್ಕ ಒಂದು ಇವೆ. ಮಧ್ಯಾಹ್ನ ಜಗಲಿಯಿಂದ ಒಳಗೆ ಕಾಲಿಟ್ಟರೆ ತಂಪು ಗೊತ್ತಾಗುತ್ತದೆ. ಒಂದು ಅಡಿ ದಪ್ಪದ ಜೊಂಡು ಹಿಡಿದಿಟ್ಟ ಗಾಳಿಯ ಕೆಲಸ ಅದು. ಮೊದಲ ದೊಡ್ಡ ಮಳೆಯ ಮರುದಿನ ಏಣಿ ಹತ್ತಿ ಹುಲ್ಲಿನೊಳಗೆ ಕೈ ತೂರಿಸಿದ್ದೆ. ಮೇಲೆ ಒಂದು ಅಂಗುಲದಷ್ಟು ಒದ್ದೆ. ಅದರ ಕೆಳಗೆ ಬೆರಳಿಗೆ ಸಿಕ್ಕಿದ್ದು ಗರಗರ ಒಣ ಕಡ್ಡಿ. ಆ ಸಂತೋಷ ಹೇಳಲಾರೆ.

ಕೆಲಸವೂ ಹುಲ್ಲಿಗೇ ಜಾಸ್ತಿ. ಹಕ್ಕಿಗಳು ಕಡ್ಡಿ ಎಳೆದವು, ಬಲೆ ಹೊದೆಸಿದೆ. ಒಂದು ಮರದ ಕೊಂಬೆ ನೆರಳು ಬಿದ್ದ ಕಡೆ ಪಾಚಿ ಕಟ್ಟಿತು, ಕೊಂಬೆ ಕಡಿಸಿದೆ. ಮೊದಲು ಸವೆಯುವುದು ಚಾವಣಿಯ ನೆತ್ತಿ. ಉಳಿದ ಹುಲ್ಲು ಚೆನ್ನಾಗಿದ್ದರೂ ಅದನ್ನು ಹತ್ತು ಹದಿನೈದು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟಿಸಬೇಕು. ಪ್ಲಾಸ್ಟಿಕ್ಕಿಗೆ ವರ್ಷಕ್ಕೊಮ್ಮೆ ಧೂಳು ತೊಳೆದು ಸ್ಕ್ರೂ ಬಿಗಿ ಮಾಡಿದರೆ ಆಯಿತು. ಪಶ್ಚಿಮದ ಅಂಚು ಮಾತ್ರ ಬಣ್ಣ ಕಳೆದುಕೊಂಡಿದೆ. ಹುಲ್ಲು ಹಳೆಯದಾದರೆ ಗೊಬ್ಬರವಾಗುತ್ತದೆ. ಪ್ಲಾಸ್ಟಿಕ್ಕನ್ನು ಕೊನೆಗೆ ಎಲ್ಲಿ ಹಾಕುವುದು ಅನ್ನೋ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ.

ಹಿಂದುಗಡೆ ಇನ್ನೊಂದು ಸಾಮಾನು ಕೋಣೆ ಕಟ್ಟಬೇಕಿದೆ. ಅಲ್ಲಿ ದಿನವಿಡೀ ಮರದ ನೆರಳು, ಬಿಸಿಲು ಬೀಳುವುದೇ ಇಲ್ಲ. ನೆನೆದ ಹುಲ್ಲು ಅಲ್ಲಿ ಒಣಗಲ್ಲ ಅಲ್ವಾ? ಅದಕ್ಕೆ ಈ ಸಲ ಪ್ಲಾಸ್ಟಿಕ್ ಹುಲ್ಲಿನ ಸ್ಯಾಂಪಲ್ಲುಗಳನ್ನು ಮತ್ತೆ ಹಲಗೆಗೆ ಹೊಡೆದು ಬಿಸಿಲಿಗೆ ಇಟ್ಟಿದ್ದೇನೆ.