ಒಂದು ರಾತ್ರಿಯ ಆಟಕ್ಕೆ ಎಷ್ಟು ದೊಡ್ಡ ಕಂಪ್ಯೂಟರ್ ಬೇಕು?

ನಾನು ಕುಂದಾಪುರದ ಕಡೆಯವನು. ಮೇಳಗಳು ತಿರುಗಾಟಕ್ಕೆ ಹೊರಟ ಮೇಲೆ ಮಳೆಗಾಲ ಶುರುವಾಗುವ ತನಕ ಯಕ್ಷಗಾನ ಚಿತ್ರೀಕರಣವೇ ನನ್ನ ಕೆಲಸ. ಮೊದಲೆಲ್ಲ ಒಂದೇ ಕ್ಯಾಮೆರಾ ಇಟ್ಟು ಸುಮ್ನೆ ದಾಖಲಿಸುತ್ತಿದ್ದೆ. ಆಮೇಲೆ ಮೂರು ಕ್ಯಾಮೆರಾ ಬಂದವು. ಒಂದು ಇಡೀ ರಂಗಸ್ಥಳಕ್ಕೆ, ಒಂದು ಮುಖಕ್ಕೆ, ಒಂದು ಹಿಮ್ಮೇಳಕ್ಕೆ. ಮೂರೂ 4ಕೆ. ಅಲ್ಲಿಗೆ ನನ್ನ ಹಳೆಯ ಕಂಪ್ಯೂಟರ್ ಸೋತಿತು.

ಎಡಿಟಿಂಗ್‌ಗೆ ಕೂತರೆ ಚಂಡೆಯ ಪೆಟ್ಟು ಕೇಳುತ್ತಿತ್ತು, ಕಲಾವಿದರ ಕಾಲು ಅರ್ಧ ಸೆಕೆಂಡ್ ತಡವಾಗಿ ನೆಲಕ್ಕೆ ಬೀಳುತ್ತಿತ್ತು. ಬೇರೆ ವಿಡಿಯೊದಲ್ಲಿ ಅಷ್ಟನ್ನು ಸಹಿಸಬಹುದೇನೋ. ಯಕ್ಷಗಾನದಲ್ಲಿ ಕಾಲು ಮತ್ತು ಚಂಡೆ ಬೇರೆಯಾದರೆ ಎಲ್ಲಿ ಕತ್ತರಿಸಬೇಕು ಅಂತಲೇ ಗೊತ್ತಾಗುವುದಿಲ್ಲ. ಹೊಸ ಡೆಸ್ಕ್‌ಟಾಪ್ ಕಟ್ಟಲೇಬೇಕು ಅಂತ 2025ರ ಆರಂಭದಲ್ಲಿ ನಿರ್ಧರಿಸಿದೆ. ಕೈಯಲ್ಲಿದ್ದದ್ದು ಎರಡೂವರೆ ಲಕ್ಷ ರೂಪಾಯಿ. ಯುಪಿಎಸ್ ಕೂಡ ಅದರಲ್ಲೇ ಬರಬೇಕಿತ್ತು. ಮಾನಿಟರ್ ಮೊದಲೇ ಇತ್ತು.

ಯಾವ ಪ್ರೊಸೆಸರ್ ಒಳ್ಳೆಯದು ಅಂತ ಹುಡುಕುವ ಮೊದಲು ನೋಟ್‌ಬುಕ್ ತೆಗೆದು ಒಂದು ರಾತ್ರಿಯ ಆಟದ ಲೆಕ್ಕ ಬರೆದೆ. ನನ್ನ ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್ ಬರೆಯುತ್ತದೆ. ಅಂದರೆ 12.5 ಮೆಗಾಬೈಟ್. ಗಂಟೆಗೆ 45 ಜಿಬಿ. ರಾತ್ರಿ ಒಂಬತ್ತೂವರೆಗೆ ಶುರುವಾದ ಆಟ ಬೆಳಗ್ಗೆ ಐದೂವರೆಗೆ ಮುಗಿದರೆ ಎಂಟು ಗಂಟೆ, 360 ಜಿಬಿ. ಮೂರು ಕ್ಯಾಮೆರಾ ಸೇರಿದರೆ 1,080 ಜಿಬಿ. ಒಂದೇ ರಾತ್ರಿಗೆ ಒಂದು ಟಿಬಿ! ಆಮೇಲೆ ತೆಗೆದುಕೊಂಡ ಎಲ್ಲ ನಿರ್ಧಾರಗಳೂ ಈ ಒಂದು ಸಂಖ್ಯೆಯಿಂದಲೇ ಬಂದವು.

ಹಾಗಾಗಿ ನಾನು ಮೊದಲು ಆರಿಸಿದ್ದು ಡಿಸ್ಕ್. ಹೆಚ್ಚಿನವರು ಇದನ್ನು ಕೊನೆಗೆ, ಉಳಿದ ಹಣದಲ್ಲಿ ತೆಗೆದುಕೊಳ್ಳುತ್ತಾರೆ. ವಿಂಡೋಸ್ ಮತ್ತು ಸಾಫ್ಟ್‌ವೇರ್‌ಗೆ 1 ಟಿಬಿ ಎನ್‌ವಿಎಂಇ (ಬೋರ್ಡಿಗೇ ಸಿಕ್ಕಿಸುವ ವೇಗದ ಎಸ್‌ಎಸ್‌ಡಿ), ಕೆಲಸಕ್ಕೆ ಬೇರೆಯೇ ಒಂದು 2 ಟಿಬಿ ಎನ್‌ವಿಎಂಇ. ಒಂದು ರಾತ್ರಿಯ ಆಟ ಪೂರ್ತಿ ಅದರಲ್ಲಿ ಹಿಡಿದು, ತಾತ್ಕಾಲಿಕ ಫೈಲುಗಳಿಗೂ ಜಾಗ ಉಳಿಯಬೇಕು. ಗೆಳೆಯರೊಬ್ಬರ ಅಗ್ಗದ ಎಸ್‌ಎಸ್‌ಡಿಗೆ ಒಮ್ಮೆ ಒಂದು ಆಟ ಕಾಪಿ ಮಾಡಿದ್ದೆ. ಶುರುವಿನಲ್ಲಿ ಭರ್ರನೆ ಓಡಿತು. ಕಾಲು ಭಾಗ ಆಗುವಷ್ಟರಲ್ಲಿ ವೇಗ ಕುಸಿದು ಹಾರ್ಡ್‌ಡಿಸ್ಕಿಗಿಂತ ಕೆಳಗೆ ಇಳಿಯಿತು. ಅದು ಕ್ಯೂಎಲ್‌ಸಿ ಮೆಮೊರಿಯ ಡಿಸ್ಕ್. ಒಂದೊಂದು ಕೋಶದಲ್ಲಿ ನಾಲ್ಕು ಬಿಟ್ ತುಂಬುವುದರಿಂದ ಬರೆಯುವುದು ನಿಧಾನ. ಮೊದಲಿನ ಸ್ವಲ್ಪ ಭಾಗವನ್ನು ವೇಗದ ತಾತ್ಕಾಲಿಕ ಜಾಗದಲ್ಲಿ ಹಿಡಿದುಕೊಳ್ಳುತ್ತದೆ. ಅದು ತುಂಬಿದ ಮೇಲೆ ನಿಜವಾದ ವೇಗ ಹೊರಗೆ ಬರುತ್ತದೆ. ಫೋಟೊ, ಪತ್ರ ಇಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಒಂದೇ ಸಲಕ್ಕೆ ಟಿಬಿಗಟ್ಟಲೆ ಸುರಿಯುವ ನನ್ನಂಥವರಿಗೆ ಕೋಶಕ್ಕೆ ಮೂರೇ ಬಿಟ್ ತುಂಬುವ ಟಿಎಲ್‌ಸಿ ಡಿಸ್ಕೇ ಬೇಕು. ಸ್ಯಾಮ್‌ಸಂಗ್ 990 ಪ್ರೊ ತೆಗೆದುಕೊಂಡೆ. ಅದರ 2 ಟಿಬಿ ಮಾದರಿಗೆ ಕಂಪನಿ ಹೇಳುವ ಬರವಣಿಗೆಯ ಮಿತಿ 1,200 ಟಿಬಿ. ವಾರಕ್ಕೆ ಒಂದು ಆಟ ಎಂದುಕೊಂಡರೂ ವರ್ಷಗಟ್ಟಲೆ ಯೋಚನೆಯಿಲ್ಲ.

ಸಂಗ್ರಹಕ್ಕೆ 8 ಟಿಬಿಯ ಎರಡು ಹಾರ್ಡ್‌ಡಿಸ್ಕ್. ಎರಡರಲ್ಲೂ ಒಂದೇ ಸಾಮಗ್ರಿ. ಒಂದು ಹೋದರೆ ಇನ್ನೊಂದು ಇರಬೇಕು. ಕೊಳ್ಳುವಾಗ ಸಿಎಂಆರ್ ಮಾದರಿ (ಬರೆಯುವ ಪಟ್ಟಿಗಳು ಬೇರೆ ಬೇರೆಯಾಗಿರುವ ಬಗೆ) ಹೌದೋ ಅಲ್ಲವೋ ಅಂತ ನೋಡಿಕೊಂಡೆ. ಎಸ್‌ಎಂಆರ್ ಡಿಸ್ಕುಗಳಲ್ಲಿ ಪಟ್ಟಿಗಳು ಹೆಂಚಿನ ಹಾಗೆ ಒಂದರ ಮೇಲೊಂದು ಹತ್ತಿಕೊಂಡಿರುತ್ತವೆ, ಅಳಿಸಿ ಬರೆಯುವಾಗ ತಡವಾಗುತ್ತದೆ.

ಆಮೇಲೆ ಪ್ರೊಸೆಸರ್. ಇಲ್ಲಿ ನನಗೆ ಎರಡು ವಾರ ಹಿಡಿಯಿತು. ವೇಷದ ಕೆಂಪು ಬಟ್ಟೆ, ಮುಂಡಾಸಿನ ಬೇಗಡೆ, ಈ ಕಡುಬಣ್ಣಗಳ ಅಂಚು ಸಾಮಾನ್ಯ ವಿಡಿಯೊದಲ್ಲಿ ಕಲಸಿಹೋಗುತ್ತದೆ. 4:2:0 ವಿಡಿಯೊದಲ್ಲಿ ನಾಲ್ಕು ಚುಕ್ಕಿಗಳಿಗೆ ಬಣ್ಣದ ಮಾಹಿತಿ ಒಂದೇ ಇರುವುದು ಅದಕ್ಕೆ ಕಾರಣ. ಕೆಂಪಿನಲ್ಲಿ ಅದು ಬೇಗ ಕಣ್ಣಿಗೆ ಬೀಳುತ್ತದೆ. ಅದಕ್ಕೇ ನಾನು ಬಣ್ಣದ ಮಾಹಿತಿ ಅದರ ಎರಡರಷ್ಟಿರುವ 10 ಬಿಟ್, 4:2:2ರಲ್ಲಿ ಚಿತ್ರೀಕರಿಸುತ್ತೇನೆ. ತೊಂದರೆ ಏನೆಂದರೆ, ಎಚ್.265ರ (ವಿಡಿಯೊವನ್ನು ಚಿಕ್ಕದಾಗಿಸಿ ಬರೆಯುವ ಒಂದು ವಿಧಾನ) ಈ ಬಗೆಯನ್ನು ಬಿಡಿಸಿ ತೋರಿಸುವ ವ್ಯವಸ್ಥೆ ಆಗ ಅಂಗಡಿಯಲ್ಲಿ ಸಿಗುತ್ತಿದ್ದ ಎನ್‌ವಿಡಿಯಾ 40 ಸರಣಿಯ ಕಾರ್ಡುಗಳಲ್ಲಿ ಇರಲಿಲ್ಲ. ರೈಜನ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್‌ನಲ್ಲೂ ಇಲ್ಲ. ಇಂಟೆಲ್‌ನ ಒಳ ಗ್ರಾಫಿಕ್ಸ್‌ನಲ್ಲಿ, ಕ್ವಿಕ್ ಸಿಂಕ್ ಅನ್ನುತ್ತಾರಲ್ಲ, ಅದರಲ್ಲಿ ಇದೆ. ಬರೀ ಲೆಕ್ಕಾಚಾರದ ಬಲ ನೋಡಿದ್ದರೆ ಎಎಂಡಿಯ ರೈಜನ್ 9 ತೆಗೆದುಕೊಳ್ಳುತ್ತಿದ್ದೆ. ನನ್ನ ಕ್ಯಾಮೆರಾದ ಫೈಲು ನೋಡಿ ಇಂಟೆಲ್ ಕೋರ್ ಅಲ್ಟ್ರಾ 7 265ಕೆ ಆರಿಸಿದೆ. 20 ಕೋರ್.

ಅದರ ಹಿಂದಿನ 13 ಮತ್ತು 14ನೇ ಪೀಳಿಗೆಯವು ಸ್ವಲ್ಪ ಅಗ್ಗಕ್ಕೆ ಸಿಗುತ್ತಿದ್ದವು. ಆದರೆ ಅವುಗಳಲ್ಲಿ ವೋಲ್ಟೇಜ್ ಜಾಸ್ತಿಯಾಗಿ ಚಿಪ್ ಹಾಳಾಗುವ ಸಮಸ್ಯೆಯನ್ನು 2024ರಲ್ಲಿ ಇಂಟೆಲ್ ಒಪ್ಪಿಕೊಂಡು, ಮೈಕ್ರೋಕೋಡ್ (ಚಿಪ್ಪಿನ ಒಳಗಿನ ಸೂಚನೆಗಳು) ಸರಿಪಡಿಸಿ, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತ್ತು. ಸರಿಪಡಿಸಿದ್ದಾರೆ ನಿಜ. ಆದರೂ ರಾತ್ರಿಯಿಡೀ ರೆಂಡರಿಂಗ್‌ಗೆ (ಎಡಿಟ್ ಮಾಡಿದ್ದನ್ನು ಒಂದೇ ವಿಡಿಯೊ ಆಗಿ ಬರೆಯುವುದಕ್ಕೆ) ಬಿಟ್ಟು ಮಲಗುವವನು ನಾನು. ಮನಸ್ಸು ಒಪ್ಪಲಿಲ್ಲ.

ಗ್ರಾಫಿಕ್ಸ್ ಕಾರ್ಡಿನ ವಿಷಯ ಬೇರೆ. ಬಯಲಾಟದಲ್ಲಿ ಬೆಳಕು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಹಿಮ್ಮೇಳದ ಕಡೆ ಕತ್ತಲೆಯಲ್ಲಿ ಚಿತ್ರದ ತುಂಬ ಕಾಳು ಕಾಳು ಬರುತ್ತದೆ. ಅದನ್ನು ತೆಗೆಯುವ ಕೆಲಸವನ್ನು ನಾನು ಬಳಸುವ ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್ ಪೂರ್ತಿ ಕಾರ್ಡಿನ ಮೇಲೆ ಹೊರಿಸುತ್ತದೆ. ಹಿಂದು ಮುಂದಿನ ಫ್ರೇಮುಗಳನ್ನೆಲ್ಲ ಕಾರ್ಡಿನ ಮೆಮೊರಿಯಲ್ಲಿ ಇಟ್ಟುಕೊಂಡು ಹೋಲಿಸಬೇಕು. ಗೆಳೆಯರ 8 ಜಿಬಿ ಕಾರ್ಡಿನಲ್ಲಿ ಪ್ರಯತ್ನಿಸಿದಾಗ ಮೆಮೊರಿ ತುಂಬಿದೆ ಅಂತ ಅರ್ಧಕ್ಕೇ ನಿಂತಿತ್ತು. ಅದಕ್ಕೆ 12 ಜಿಬಿಯ ಆರ್‌ಟಿಎಕ್ಸ್ 4070 ಸೂಪರ್. ಇಡೀ ಪಟ್ಟಿಯಲ್ಲಿ ಅತಿ ಹೆಚ್ಚು ಹಣ ಹೋಗಿದ್ದು ಇದಕ್ಕೇ.

ರ್‍ಯಾಮ್ 64 ಜಿಬಿ, ಡಿಡಿಆರ್5. 16ರ ನಾಲ್ಕು ಕಡ್ಡಿಯ ಬದಲು 32ರ ಎರಡು. ನಾಲ್ಕು ಹಾಕಿದರೆ ಡಿಡಿಆರ್5 ಪೂರ್ಣ ವೇಗದಲ್ಲಿ ಓಡುವುದು ಕಷ್ಟ. 2025ರ ಕೊನೆಯ ಹೊತ್ತಿಗೆ ರ್‍ಯಾಮ್ ಬೆಲೆ ಏರಿದ್ದು ನೋಡಿದರೆ ಆಗಲೇ ತೆಗೆದುಕೊಂಡದ್ದು ಒಳ್ಳೆಯದಾಯಿತು.

ಈಗ ನನ್ನ ಮಟ್ಟಿಗೆ ಅತಿ ಮುಖ್ಯವಾದ ಮಾತು. ಕರೆಂಟ್.

ಪ್ರೊಸೆಸರ್ ಪೂರ್ಣ ಬಿಸಿಯಲ್ಲಿ 250 ವ್ಯಾಟ್ ತನಕ ಎಳೆಯಬಹುದು. ಕಾರ್ಡು 220. ಡಿಸ್ಕು, ಫ್ಯಾನು, ಬೋರ್ಡು ಎಲ್ಲ ಸೇರಿದರೆ 550ರ ಹತ್ತಿರ. ನಾನು ಹಾಕಿಸಿದ್ದು 850 ವ್ಯಾಟಿನ, 80 ಪ್ಲಸ್ ಗೋಲ್ಡ್ ಗುರುತಿನ (ಅಂದರೆ ಕರೆಂಟ್ ಪೋಲು ಕಡಿಮೆ) ಎಸ್‌ಎಂಪಿಎಸ್, ಕಂಪ್ಯೂಟರಿನ ಒಳಗೆ ಎಲ್ಲದಕ್ಕೂ ಕರೆಂಟ್ ಹಂಚುವ ಪೆಟ್ಟಿಗೆ. ಜಾಸ್ತಿ ಆಯಿತು ಅಂತ ಅಂಗಡಿಯವರೂ ಹೇಳಿದರು. ಆದರೆ ಕಾರ್ಡು ಕ್ಷಣಕಾಲ ತನ್ನ ಅಂಕಿಗಿಂತ ತುಂಬ ಮೇಲೆ ಹಾರುತ್ತದೆ. ಆ ಹೊತ್ತಿಗೆ ಎಸ್‌ಎಂಪಿಎಸ್‌ನಲ್ಲಿ ಜಾಗ ಇರಬೇಕು.

ಯುಪಿಎಸ್ ಕೊಳ್ಳುವವರು ವಿಎ ನೋಡಿ ಮೋಸ ಹೋಗಬೇಡಿ. 1,000 ವಿಎ ಎಂದು ಬರೆದ ಅಗ್ಗದ ಯುಪಿಎಸ್ ಕೊಡುವುದು 600 ವ್ಯಾಟ್ ಮಾತ್ರ ಇರಬಹುದು. ಪೆಟ್ಟಿಗೆಯ ಮೇಲೆ ವ್ಯಾಟ್ ಎಷ್ಟು ಅಂತ ಹುಡುಕಿ ಓದಿ. ಇನ್ನೊಂದು, ಅದರಿಂದ ಬರುವ ಕರೆಂಟು ಶುದ್ಧ ಸೈನ್ ವೇವ್ ಆಗಿರಬೇಕು. ಮೆಟ್ಟಿಲು ಮೆಟ್ಟಿಲಾಗಿ ಬರುವ ಕರೆಂಟಿಗೆ ಈಗಿನ ಕೆಲವು ಎಸ್‌ಎಂಪಿಎಸ್‌ಗಳು ಒಗ್ಗುವುದಿಲ್ಲ. ಕರೆಂಟ್ ಹೋದ ಕ್ಷಣದಲ್ಲೇ, ಯುಪಿಎಸ್ ಇದ್ದರೂ ಕಂಪ್ಯೂಟರ್ ಆಫ್ ಆಗುತ್ತದೆ. ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟ್ ಕಣ್ಣು ಮಿಟುಕಿಸುವ ನಮ್ಮ ಕಡೆ ಇದು ಸಣ್ಣ ವಿಷಯವಲ್ಲ ಅಲ್ವಾ?

ಅರ್ತಿಂಗ್ ಬಗ್ಗೆ ಮಾತ್ರ ನಾನು ತಡವಾಗಿ ಎಚ್ಚೆತ್ತೆ. ಹಳೆಯ ಕಂಪ್ಯೂಟರಿನ ಹಿಂಭಾಗದ ತಗಡಿಗೆ ಬೇಸಿಗೆಯಲ್ಲಿ ಬರಿಗಾಲಲ್ಲಿ ನಿಂತು ಕೈ ತಾಗಿಸಿದರೆ ಬೆರಳಿನಲ್ಲಿ ಇರುವೆ ಹರಿದ ಹಾಗೆ ಜುಮ್ ಅನ್ನುತ್ತಿತ್ತು. ವರ್ಷಗಟ್ಟಲೆ ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಹೊಸ ಕಂಪ್ಯೂಟರ್ ತರುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅಳೆಸಿದೆ. ನ್ಯೂಟ್ರಲ್ ಮತ್ತು ಅರ್ತ್ ನಡುವೆ 24 ವೋಲ್ಟ್ ತೋರಿಸಿತು. ಎರಡು ಮೂರಕ್ಕಿಂತ ಜಾಸ್ತಿ ಇರಬಾರದು. ಎಸ್‌ಎಂಪಿಎಸ್ ಒಳಗೆ ಗದ್ದಲ ಸೋಸಲು ಲೈನಿನಿಂದ ಅರ್ತಿಗೆ ಪುಟ್ಟ ಕೆಪಾಸಿಟರ್‌ಗಳು ಇರುತ್ತವೆ. ಅವು ಬಿಡುವ ಅಷ್ಟಿಷ್ಟು ಕರೆಂಟ್ ಭೂಮಿಗೆ ಇಳಿಯಲು ದಾರಿ ಇಲ್ಲದಿದ್ದರೆ ತಗಡಿನ ಮೇಲೇ ಕೂರುತ್ತದೆ. ನಮ್ಮ ಮನೆ ನಿಂತಿರುವುದು ಮುರಕಲ್ಲಿನ ಮೇಲೆ. ಬೇಸಿಗೆಯಲ್ಲಿ ಅದು ಒಣಗಿ ಕಲ್ಲೇ ಆಗುತ್ತದೆ, ಅರ್ತ್ ಗುಂಡಿ ಇದ್ದೂ ಇಲ್ಲದ ಹಾಗೆ. ಹೊಸ ಗುಂಡಿ ತೋಡಿಸಿ, ತಾಮ್ರ ಲೇಪಿಸಿದ ಕಂಬಿ ಇಳಿಸಿ, ಸುತ್ತ ತೇವ ಹಿಡಿದಿಡುವ ಬೆಂಟೊನೈಟ್ ಮಣ್ಣಿನ ಪುಡಿ ತುಂಬಿಸಿದೆ. ಮತ್ತೆ ಅಳೆದಾಗ 2 ವೋಲ್ಟ್‌ಗಿಂತ ಕೆಳಗೆ ಬಂತು. ಎರಡೂವರೆ ಲಕ್ಷದ ಯಂತ್ರ ತರುವವರು ಈ ಕೆಲಸವನ್ನು ದಯವಿಟ್ಟು ಮೊದಲು ಮಾಡಿಸಿ.

ಕ್ಯಾಬಿನೆಟ್ ಮತ್ತು ಕೂಲರ್ ಒಟ್ಟಿಗೇ ನೋಡಬೇಕು. ನಾನು ಬಯಸಿದ ಎರಡು ಗೋಪುರದ ಗಾಳಿ ಕೂಲರ್ 165 ಮಿಲಿಮೀಟರ್ ಎತ್ತರ. ಮೊದಲು ಇಷ್ಟಪಟ್ಟಿದ್ದ ಕ್ಯಾಬಿನೆಟ್‌ನಲ್ಲಿ 160ಕ್ಕೆ ಮಾತ್ರ ಜಾಗ. ಐದು ಮಿಲಿಮೀಟರ್‌ಗಾಗಿ ಆ ಕ್ಯಾಬಿನೆಟ್ ಬಿಟ್ಟೆ. ನೀರಿನ ಕೂಲರ್ ಬೇಡ ಅಂದುಕೊಂಡಿದ್ದೆ, ಪಂಪ್ ಕೆಟ್ಟರೆ ನಮ್ಮೂರಲ್ಲಿ ಅದೇ ದಿನ ಇನ್ನೊಂದು ಸಿಗುವುದಿಲ್ಲ. ಫ್ಯಾನ್ ಸಿಗುತ್ತದೆ. ಕ್ಯಾಬಿನೆಟ್‌ನ ಮುಂಭಾಗ ಜಾಲರಿಯದು, ತೊಳೆಯಲು ಬರುವ ಧೂಳಿನ ಪರದೆ ಇದೆ.

ಪಟ್ಟಿ ಹಿಡಿದು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋದೆ. ಬೆಳಗ್ಗೆಯೇ ಎಸ್‌.ಪಿ. ರೋಡು. ನಾಲ್ಕು ಅಂಗಡಿಯಲ್ಲಿ ಅದೇ ಪಟ್ಟಿ ಕೊಟ್ಟು ಬರೆಸಿಕೊಂಡೆ. ಒಂದು ಅಂಗಡಿಯಲ್ಲಿ ಪ್ರೊಸೆಸರ್ ಬೆಲೆ ಮಾತ್ರ ಕಡಿಮೆ ಇತ್ತು. ಡಬ್ಬ ತಿರುಗಿಸಿ ನೋಡಿದರೆ 265ಕೆಎಫ್. ಆ ಒಂದು ‘ಎಫ್’ ಇದ್ದರೆ ಒಳ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ. ಕಾರ್ಡು ಹಾಕುತ್ತೀರಲ್ಲ, ಅದು ಯಾಕೆ ಬೇಕು ಅಂತ ಅವರು ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ಕಂಪ್ಯೂಟರ್ ಗೇಮ್ ಆಡುವವರಿಗೆ ಅದು ಸರಿ. ನಾನು ಇಂಟೆಲ್ ಆರಿಸಿದ್ದೇ ಆ ಒಳ ಗ್ರಾಫಿಕ್ಸ್‌ಗಾಗಿ. ಹಾಗೆಯೇ ಪ್ರತಿ ಡಬ್ಬದ ಮೇಲೂ ಭಾರತದ ಆಮದುದಾರರ ಸ್ಟಿಕ್ಕರ್ ಇದೆಯಾ, ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆದಿದ್ದಾರಾ ಅಂತ ನೋಡಿ. ವಾರಂಟಿಗೆ ಹೋದಾಗ ಕೇಳುವುದು ಅದನ್ನೇ.

ಅಲ್ಲೇ ಜೋಡಿಸಿ ಕೊಡುತ್ತೇವೆ ಅಂದರು. ಬೇಡ ಅಂದೆ. ಕಿಲೊಗಟ್ಟಲೆ ತೂಗುವ ಕಾರ್ಡು, ಕೂಲರ್ ನೇತಾಡಿಕೊಂಡು ಶಿರಾಡಿ ಘಾಟಿ ಇಳಿದರೆ ಬೋರ್ಡಿನ ಸ್ಲಾಟ್ ಉಳಿಯುವ ಭರವಸೆ ನನಗಿಲ್ಲ. ಎಲ್ಲ ಡಬ್ಬಗಳನ್ನೂ ಹಾಗೇ ತಂದು ಮನೆಯಲ್ಲಿ ಒಂದು ಮಧ್ಯಾಹ್ನ ಕೂತು ಜೋಡಿಸಿದೆ.

ಸ್ವಿಚ್ ಒತ್ತಿದೆ. ಫ್ಯಾನುಗಳು ತಿರುಗಿದವು. ಪರದೆ ಕಪ್ಪು. ಒಂದು ನಿಮಿಷ, ಎರಡು ನಿಮಿಷ. ಕೈ ಸ್ವಿಚ್ಚಿನ ಹತ್ತಿರ ಹೋಗಿತ್ತು. ಬೋರ್ಡಿನ ಮೇಲೆ ರ್‍ಯಾಮ್ ಗುರುತಿನ ಪಕ್ಕದ ಹಳದಿ ದೀಪ ಉರಿಯುತ್ತಿತ್ತು, ಅದನ್ನು ನೋಡಿ ತಡೆದೆ. ಡಿಡಿಆರ್5 ಮೊದಲ ಸಲ ತನ್ನ ವೇಗಕ್ಕೆ ತಾನೇ ಹೊಂದಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ. ನಡುವೆ ಆಫ್ ಮಾಡಬಾರದು. ಸ್ವಲ್ಪ ಹೊತ್ತಿಗೆ ಬಯೋಸ್ ಪರದೆ, ಅಂದರೆ ಬೋರ್ಡಿನ ಸೆಟ್ಟಿಂಗ್‌ಗಳ ಪರದೆ ಬಂತು. ಒಳಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಿದೆ. ಅದನ್ನು ಮರೆತರೆ ದುಬಾರಿ ರ್‍ಯಾಮ್ ಸಾಮಾನ್ಯ ವೇಗದಲ್ಲೇ ಓಡುತ್ತಿರುತ್ತದೆ. ಒಳ ಗ್ರಾಫಿಕ್ಸ್ ಆನ್ ಇದೆಯಾ ಅಂತಲೂ ನೋಡಿದೆ. ಕಾರ್ಡು ಇದ್ದಾಗ ಕೆಲವು ಬೋರ್ಡುಗಳು ಅದನ್ನು ಆಫ್ ಮಾಡಿಬಿಡುತ್ತವೆ.

ಅವತ್ತೇ ರಾತ್ರಿ ಒಂದು ಆಟದ ಮೂರೂ ಫೈಲು ತೆರೆದೆ. ಮೂರು ಕ್ಯಾಮೆರಾ ಹೊಂದಿಸಲು ನಾನು ಬಳಸುವುದು ಚಂಡೆಯ ಮೊದಲ ಪೆಟ್ಟು. ಧ್ವನಿಯ ಗೆರೆಯಲ್ಲಿ ಅದು ಮೊಳೆ ಹೊಡೆದ ಹಾಗೆ ನೆಟ್ಟಗೆ ನಿಂತಿರುತ್ತದೆ. ಮೂರು ಮೊಳೆಗಳನ್ನೂ ಒಂದೇ ಗೆರೆಗೆ ತಂದು ಪ್ಲೇ ಒತ್ತಿದೆ. ಮೂರು ಕಿಟಕಿಯಲ್ಲಿ ಮೂರೂ ಕ್ಯಾಮೆರಾ ಒಟ್ಟಿಗೆ ಓಡಿದವು. ಚಂಡೆ ಬಿದ್ದ ಕಡೆಯೇ ಕಾಲು ಬಿತ್ತು. ನಡುರಾತ್ರಿ ಮನೆಯವರನ್ನು ಎಬ್ಬಿಸಿ ತೋರಿಸಿದೆ.

ಮಳೆಗಾಲದಲ್ಲಿ ಕೆಲಸ ಇಲ್ಲದಿದ್ದರೂ ದಿನಕ್ಕೆ ಒಂದು ಗಂಟೆ ಆನ್ ಮಾಡಿಡುತ್ತೇನೆ, ಒಳಗಿನ ತೇವ ಆರಲಿ ಅಂತ. ಸಿಡಿಲು ಬರುವ ಸಂಜೆ ಪ್ಲಗ್ಗೂ ಇಂಟರ್ನೆಟ್ ತಂತಿಯೂ ಎರಡೂ ಹೊರಗೆ. ಎರಡು ಹಾರ್ಡ್‌ಡಿಸ್ಕೂ ಒಂದೇ ಪೆಟ್ಟಿಗೆಯೊಳಗೆ ಇರುವುದು ಮಾತ್ರ ಇನ್ನೂ ಮನಸ್ಸಿಗೆ ಸಮಾಧಾನ ಇಲ್ಲ. ಈ ಸಲದ ತಿರುಗಾಟ ಶುರುವಾಗುವ ಮೊದಲು ಮೂರನೆಯದೊಂದು ಕೊಂಡು, ಎಲ್ಲ ಆಟಗಳನ್ನೂ ತುಂಬಿ ಅಕ್ಕನ ಮನೆಯ ಕಪಾಟಿನಲ್ಲಿ ಇಡುವವನಿದ್ದೇನೆ.