ಕುಂತಿಬೆಟ್ಟದಿಂದ ಮೇಲುಕೋಟೆಗೆ ಎರಡು ದಿನದ ನಡಿಗೆ

ಮೈಸೂರಿನವರಿಗೆ ಕುಂತಿಬೆಟ್ಟ ಹೊಸದೇನಲ್ಲ. ಮೇಲುಕೋಟೆಯಂತೂ ಪಕ್ಕದ ಬೀದಿ ಇದ್ದ ಹಾಗೆ. ಎರಡಕ್ಕೂ ನಾನು ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆದರೆ ಪ್ರತಿ ಸಲವೂ ಬೈಕಿನಲ್ಲಿ ಬುಡದ ತನಕ ಹೋಗಿ, ಹತ್ತಿ, ಇಳಿದು ಮನೆಗೆ ಬಂದದ್ದೇ. ಎರಡು ಬೆಟ್ಟಗಳ ನಡುವಿನ ನೆಲ ಹೇಗಿದೆ ಅಂತ ಗೊತ್ತೇ ಇರಲಿಲ್ಲ. ಡಿಸೆಂಬರಿನ ಒಂದು ಶನಿವಾರ, ಭಾನುವಾರ ನಾವು ನಾಲ್ಕು ಜನ ಗೆಳೆಯರು ಆ ನೆಲವನ್ನು ನಡೆದೇ ದಾಟಿದೆವು.

ನಕ್ಷೆ ನೋಡಿದರೆ ಕುಂತಿಬೆಟ್ಟ ಇರುವ ಪಾಂಡವಪುರ, ತೊಣ್ಣೂರು, ಮೇಲುಕೋಟೆ ಮೂರೂ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಉತ್ತರಕ್ಕೆ ಹೋಗುತ್ತವೆ. ಬೆಳಗಿನ ಬಿಸಿಲು ಬಲಗೆನ್ನೆಗೆ ಬೀಳುತ್ತಿದ್ದರೆ ದಿಕ್ಕು ಸರಿ ಇದೆ ಅಂತ ಅರ್ಥ. ಆದರೆ ಗೆರೆ ಎಳೆದ ಹಾಗೆ ನೆಟ್ಟಗೆ ನಡೆಯಲು ಆಗುವುದಿಲ್ಲ. ಮೇಲುಕೋಟೆ ಸುತ್ತಲಿನ ಕುರುಚಲು ಕಾಡು ತೋಳಗಳಿಗಾಗಿ 1974ರಲ್ಲಿ ಮಾಡಿದ ವನ್ಯಜೀವಿಧಾಮ. ಅನುಮತಿ ಇಲ್ಲದೆ ಅದರೊಳಗೆ ಕಾಲಿಡಬಾರದು, ಇಡಲೂ ಇಲ್ಲ. ಮೊದಲ ದಿನ ಕುಂತಿಬೆಟ್ಟ ಹತ್ತಿಳಿದು ತೊಣ್ಣೂರು, ಎರಡನೇ ದಿನ ಹಳ್ಳಿಗಳ ಬಂಡಿದಾರಿ ಹಿಡಿದು ಜಕ್ಕನಹಳ್ಳಿ, ಅಲ್ಲಿಂದ ಮೇಲುಕೋಟೆ ಅಂತ ಲೆಕ್ಕ ಹಾಕಿದೆವು.

ಬೆನ್ನಿಗೆ ಹೆಚ್ಚು ಭಾರ ಬೇಡ ಅಂತ ಮೊದಲೇ ಮಾತಾಗಿತ್ತು. ಒಬ್ಬೊಬ್ಬರಿಗೆ ಮೂರು ಲೀಟರ್ ನೀರು, ಒಂದು ಜೊತೆ ಬಟ್ಟೆ, ಎರಡು ಜೊತೆ ಕಾಲುಚೀಲ, ಟಾರ್ಚು, ಕಡಲೆಕಾಯಿ, ಬೆಲ್ಲ. ಟೆಂಟು ಒಯ್ಯಲಿಲ್ಲ. ನಮ್ಮಲ್ಲೊಬ್ಬನ ಸೋದರಮಾವನ ಮನೆ ತೊಣ್ಣೂರಿನ ಹತ್ತಿರದ ಹಳ್ಳಿಯಲ್ಲೇ ಇದೆ.

ಕುಂತಿಬೆಟ್ಟದ ಬುಡಕ್ಕೆ ಹೋದಾಗ ಇನ್ನೂ ಏಳು ಗಂಟೆ ಆಗಿರಲಿಲ್ಲ. ಮಂಜು ಬಿದ್ದಿತ್ತು. ಪಾಂಡವರು ವನವಾಸದಲ್ಲಿ ತಾಯಿಯ ಜೊತೆ ಇಲ್ಲಿದ್ದರು ಅನ್ನುವ ಕಥೆ ಇಲ್ಲಿಯ ಮಕ್ಕಳಿಗೂ ಬಾಯಿಪಾಠ. ಬ್ರಿಟಿಷರ ಕಾಲದಲ್ಲಿ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಅನ್ನುತ್ತಿದ್ದರು. ಹೈದರ್, ಟಿಪ್ಪು ಪರವಾಗಿದ್ದ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರಿಂದ ಆ ಹೆಸರು.

ಹೆಸರಿಗೆ ತಕ್ಕ ಹಾಗೆ ಬೆಟ್ಟ ಪೂರ್ತಿ ಬಂಡೆ. ಹತ್ತುವಾಗ ಏನೂ ಅನ್ನಿಸಲಿಲ್ಲ, ಕಷ್ಟ ಇರುವುದು ಇಳಿಯುವಾಗ. ಬಂಡೆಯ ಮೇಲೆ ಉದ್ದುದ್ದ ಕಪ್ಪು ಪಟ್ಟಿಗಳಿರುತ್ತವೆ ನೋಡಿ, ಅದು ಮಳೆನೀರು ಹರಿದ ಜಾಡು. ಒಣಗಿದಾಗ ಕಾಲು ಚೆನ್ನಾಗಿಯೇ ಹಿಡಿಯುತ್ತದೆ. ಮಂಜು ಬಿದ್ದರೆ ಅಲ್ಲಿನ ಪಾಚಿ ನೆನೆದು ಎಣ್ಣೆ ಸವರಿದ ಹಾಗೆ ಆಗುತ್ತದೆ. ನಾವು ಬಿಸಿಲು ಏರಿ ಬಂಡೆ ಒಣಗುವ ತನಕ ಮೇಲೆಯೇ ಕೂತೆವು. ಆಮೇಲೆ ಬಿಳಿಬಂಡೆ ನೋಡಿಕೊಂಡು, ಪಾದ ಪೂರ್ತಿ ಊರಿ, ಮಂಡಿ ಸ್ವಲ್ಪ ಬಗ್ಗಿಸಿ ಇಳಿದೆವು. ಹಿಮ್ಮಡಿ ಮಾತ್ರ ಊರಿದರೆ ಜಾರುವುದು ಗ್ಯಾರಂಟಿ. ಕಾದದ್ದಕ್ಕೆ ಒಂದು ಗಂಟೆ ಹೋಯಿತು, ಆದರೆ ಒಬ್ಬರಿಗೂ ತರಚುಗಾಯ ಆಗಲಿಲ್ಲ.

ತೊಣ್ಣೂರು ಹತ್ತಿರವಾದಾಗ ದಾರಿ ತಪ್ಪಿತು. ಫೋನಿನಲ್ಲಿ ಕಾಲುದಾರಿ ಅಂತ ಕಾಣುತ್ತಿದ್ದದ್ದು ನಿಜದಲ್ಲಿ ಗದ್ದೆಯ ಬದು. ಅದು ಹೋಗಿ ಒಂದು ನಾಲೆಯ ಮುಂದೆ ನಿಂತಿತು. ಸೇತುವೆ ಇಲ್ಲ. ಬಂದ ದಾರಿಯಲ್ಲೇ ವಾಪಸ್ ಹೋಗೋಣ ಅಂದುಕೊಳ್ಳುವಾಗ ಕಬ್ಬಿನ ಸೋಗೆ ಹೊತ್ತುಕೊಂಡು ಒಬ್ಬರು ಅಜ್ಜ ಬಂದರು. ಹೊರೆಯನ್ನು ಬದುವಿನ ಮೇಲೆ ಇಳಿಸಿ, ನಮ್ಮನ್ನು ನೋಡಿ, ‘ಫೋನು ನೋಡ್ಕಂಡು ಬಂದ್ರಾ? ಬಾಯಿ ಬಿಟ್ಟು ಒಂದು ಮಾತು ಕೇಳ್ಬಾರ್ದಾ ಸ್ವಾಮಿ?’ ಅಂದರು. ಆಮೇಲೆ ಕೈ ಚಾಚಿ ತೋರಿಸಿದರು. ‘ಈ ಏರಿ ಹಿಡ್ಕಂಡು ಹೋಗಿ, ಒಂದು ತೂಬು ಸಿಕ್ತದೆ, ಅಲ್ಲಿ ದಾಟ್ಕಳಿ. ಮುಂದಕ್ಕೆ ಅರಳಿಕಟ್ಟೆ. ಅಲ್ಲಿ ಯಾರನ್ನಾದ್ರೂ ಕೇಳಿ. ಹೊತ್ತು ಮುಳುಗಿದ ಮೇಲೆ ಮಾತ್ರ ಕಬ್ಬಿನ ಪಕ್ಕ ಹೋಗ್ಬ್ಯಾಡಿ, ಚಿರತೆ ಓಡಾಡ್ತದೆ.’

ದಾರಿ ಕೇಳುವುದು ಹೇಗೆ ಅಂತ ನಾನು ಕಲಿತದ್ದು ಅಲ್ಲೇ. ‘ಇನ್ನೆಷ್ಟು ದೂರ’ ಅಂತ ಕೇಳಿದರೆ ‘ಇಲ್ಲೇ, ಒಂದು ಕೂಗಳತೆ’ ಅನ್ನುತ್ತಾರೆ. ಅವರ ನಡಿಗೆಗೆ ಅದು ನಿಜವೂ ಹೌದು. ಅದರ ಬದಲು ‘ಮುಂದಕ್ಕೆ ಏನು ಸಿಗುತ್ತೆ’ ಅಂತ ಕೇಳಬೇಕು. ತೂಬು, ಅರಳಿಕಟ್ಟೆ, ಮಾರಿಗುಡಿ, ಆಲೆಮನೆ ಅಂತ ಒಂದೊಂದಾಗಿ ಹೇಳುತ್ತಾರೆ. ಒಬ್ಬರ ಹತ್ತಿರ ಒಂದೇ ಗುರುತು ಕೇಳಿಕೊಂಡು, ಅಲ್ಲಿ ತಲುಪಿ, ಮುಂದಿನದನ್ನು ಇನ್ನೊಬ್ಬರ ಹತ್ತಿರ ಕೇಳಬೇಕು. ಎರಡನೇ ದಿನ ಪೂರ್ತಿ ಹೀಗೇ ನಡೆದೆವು. ಒಮ್ಮೆಯೂ ತಪ್ಪಲಿಲ್ಲ.

ತೊಣ್ಣೂರು ಕೆರೆಯ ಏರಿ ಹತ್ತಿದಾಗ ಸಂಜೆ ನಾಲ್ಕೂವರೆ. ಎರಡು ಕಲ್ಲುಗುಡ್ಡಗಳ ನಡುವಿನ ಸಂದಿಗೆ ಕಟ್ಟಿದ ಏರಿ ಅದು. ನೀರು ಎಷ್ಟು ತಿಳಿ ಅಂದರೆ ದಡದ ಹತ್ತಿರ ತಳದ ಕಲ್ಲು ಎಣಿಸಬಹುದಿತ್ತು. ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ, ಅನ್ನುವ ಇನ್ನೊಂದು ಹೆಸರು ಇದಕ್ಕೆ ಒಪ್ಪುತ್ತದೆ.

ಅಲ್ಲಿ ಶೂ ಬಿಚ್ಚಿದಾಗಲೇ ಗೊತ್ತಾಯಿತು, ಒಬ್ಬ ಗೆಳೆಯನ ಹಿಮ್ಮಡಿಯಲ್ಲಿ ರೂಪಾಯಿ ಅಗಲದ ಬೊಬ್ಬೆ. ಹೊಸ ಶೂ. ಬೆಳಿಗ್ಗೆಯಿಂದ ಉರಿಯುತ್ತಿದ್ದರೂ ನಮ್ಮ ನಡಿಗೆ ನಿಧಾನ ಆಗುತ್ತದೆ ಅಂತ ಹೇಳಿರಲಿಲ್ಲ. ನನಗೆ ತುಂಬಾ ಬೇಜಾರಾಯಿತು, ಕೇಳಬೇಕಾದವನು ನಾನು. ಹಿಮ್ಮಡಿ ಬಿಸಿಯಾಗುತ್ತಿದೆ ಅನ್ನಿಸಿದ ತಕ್ಷಣ ನಿಂತು, ಕಾಲು ಒಣಗಿಸಿ, ಆ ಜಾಗಕ್ಕೆ ಪ್ಲಾಸ್ಟರ್ ಅಂಟಿಸಿದ್ದರೆ ಇಷ್ಟಾಗುತ್ತಿರಲಿಲ್ಲ. ಬೊಬ್ಬೆ ಒಡೆಯಲಿಲ್ಲ. ತೊಳೆದು ಮೇಲೆ ಬಟ್ಟೆ ಕಟ್ಟಿದೆವು. ಈಗ ಗಂಟೆಗೊಮ್ಮೆ ಎಲ್ಲರೂ ಶೂ ಬಿಚ್ಚಿ ಕಾಲು ನೋಡಿಕೊಳ್ಳಲೇಬೇಕು ಅಂತ ನಮ್ಮಲ್ಲಿ ನಿಯಮ.

ರಾತ್ರಿ ಮಾವನ ಮನೆಯಲ್ಲಿ ಮುದ್ದೆ, ಅವರೆಕಾಳು ಸಾರು. ಒಂಬತ್ತಕ್ಕೆಲ್ಲ ನಿದ್ದೆ.

ರಾಮಾನುಜಾಚಾರ್ಯರು ಮೊದಲು ತೊಣ್ಣೂರಿನಲ್ಲಿದ್ದು ಆಮೇಲೆ ಮೇಲುಕೋಟೆಗೆ ಹೋದರು ಅನ್ನುತ್ತಾರೆ. ಭಾನುವಾರ ಬೆಳಿಗ್ಗೆ ಅದೇ ಎರಡು ಊರುಗಳ ನಡುವೆ ನಡೆಯುತ್ತಿದ್ದೇವೆ ಅನ್ನುವುದೇ ಒಂದು ಖುಷಿ. ದಾರಿಯುದ್ದಕ್ಕೂ ಸುಗ್ಗಿ. ಟಾರು ರಸ್ತೆ ಸಿಕ್ಕಲ್ಲೆಲ್ಲ ಹುರುಳಿ ಹರಡಿದ್ದರು. ನಾವು ಅಂಚಿನಲ್ಲೇ ನಡೆದೆವು, ಕಾಳು ತುಳಿಯಬಾರದು ಅಲ್ವಾ. ಒಂದು ಆಲೆಮನೆಯಲ್ಲಿ ಕೊಪ್ಪರಿಗೆಯಿಂದ ಆಗಷ್ಟೇ ಇಳಿಸಿದ ಬಿಸಿಬೆಲ್ಲವನ್ನು ಎಲೆಯಲ್ಲಿ ಹಾಕಿಕೊಟ್ಟರು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಬೊಬ್ಬೆ ಬಂದ ಗೆಳೆಯ ಚಪ್ಪಲಿ ಹಾಕಿಕೊಂಡೇ ಜಕ್ಕನಹಳ್ಳಿ ತನಕ ಬಂದ. ಅಲ್ಲಿ ಅವನನ್ನು ಬಸ್ ಹತ್ತಿಸಿದೆವು. ನಾವು ಮೂವರು ಏರುದಾರಿ ಹಿಡಿದೆವು. ಇಡೀ ನಡಿಗೆಯಲ್ಲಿ ಉಸಿರು ಕಟ್ಟಿದ್ದು ಅದೊಂದೇ ಕಡೆ. ಮಧ್ಯಾಹ್ನದ ಬಿಸಿಲು ಬೇರೆ, ನೀರು ಅಲ್ಲೇ ಮುಗಿಯಿತು. ಮೂರು ಲೀಟರ್ ಸಾಲದು, ಜಕ್ಕನಹಳ್ಳಿಯಲ್ಲಿ ಮತ್ತೆ ತುಂಬಿಸಿಕೊಳ್ಳಬೇಕಿತ್ತು.

ಕಲ್ಯಾಣಿಯ ಮೆಟ್ಟಿಲ ಮೇಲೆ ಗೆಳೆಯ ನಾಲ್ಕು ಪೊಟ್ಟಣ ಪುಳಿಯೋಗರೆ ಇಟ್ಟುಕೊಂಡು ಕಾಯುತ್ತಿದ್ದ. ತನ್ನದನ್ನೂ ಬಿಚ್ಚಿರಲಿಲ್ಲ. ತಿನ್ನುತ್ತಿರುವಾಗ ಮಾವನ ಫೋನು ಬಂತು. ಸೇರಿಕೊಂಡೆವು ಅಂದೆ.

‘ಒಳ್ಳೇದಾಯ್ತು ಕಣಪ್ಪ. ಆ ಹುಡುಗನ ಕಾಲು ಹೆಂಗದೆ? ಮುಂದಿನ ಸಲ ಒಕ್ಕಣೆ ಮುಗಿದ ಮೇಲೆ ಬನ್ನಿ. ನಾನೂ ಬತ್ತೀನಿ.’